ಹಂಚಿಗಾಗಿ ಹಂಚಿದ್ದು

ನಾಲ್ಕು ಮೂಲೆಗಳಲ್ಲಿ ಮೂರರ ಅರಿಶಿನ ಮಾಸಿ ಕಾಗದದ ಬಣ್ಣಕ್ಕೇ ತಿರುಗಿದೆ. ನಾಲ್ಕನೆಯದರಲ್ಲಿ ಮಾತ್ರ ಒಂದು ಹೆಬ್ಬೆರಳಿನ ಗೆರೆಗಳು ಸುಳಿಸುಳಿಯಾಗಿ, ಈಗಷ್ಟೇ ಒತ್ತಿದ ಹಾಗೆ ಉಳಿದಿವೆ. ಮೊನ್ನೆ ನಿಘಂಟಿನಲ್ಲಿ ಯಾವುದೋ ಪದ ಹುಡುಕುತ್ತಿದ್ದಾಗ ಪುಟಗಳ ನಡುವಿನಿಂದ ಈ ಗುಲಾಬಿ ಹಾಳೆ ಜಾರಿ ಮಡಿಲಿಗೆ ಬಿತ್ತು. ಹುಡುಕುತ್ತಿದ್ದ ಪದ ಮರೆತುಹೋಯಿತು. ನಾಲ್ಕಾರು ವರ್ಷ ಹಳೆಯ ಸಿಟ್ಟು ಮಾತ್ರ ಅಟ್ಟದ ಮೇಲಿನ ಒಳ್ಳೆಯ ಕೊಬ್ಬರಿಯ ಹಾಗೆ ಕೆಡದೆ ಸಿಕ್ಕಿತು.

ನೋಡಿದವರೆಲ್ಲ ಇದನ್ನು ಲಗ್ನಪತ್ರಿಕೆ ಎನ್ನುತ್ತಾರೆ. ಅಲ್ಲ. ಇದು ಹ್ಯಾಂಡ್‌ಬಿಲ್ಲು.

ಮೈಸೂರಿನಲ್ಲಿ ಎಂ.ಎ. ಮುಗಿಸಿ ಮಾಯಸಂದ್ರಕ್ಕೆ ವಾಪಸು ಬಂದ ವರ್ಷ ನಾನು ಒಂದು ಮಹಿಳಾ ವಾಚನಾಲಯ ತೆರೆದಿದ್ದೆ. ತೆರೆದಿದ್ದೆ ಎಂದರೆ ದೊಡ್ಡ ಮಾತಾಯಿತು. ಪುಟ್ಟೇಗೌಡರು ತಮ್ಮ ತೋಟದ ಅಂಚಿನಲ್ಲಿ ಖಾಲಿ ಬಿದ್ದಿದ್ದ ಒಂದು ಕೋಣೆ ಕೊಟ್ಟಿದ್ದರು. ನನ್ನ ಪುಸ್ತಕಗಳು, ಎರಡು ಬೆಂಚು, ಒಂದು ಚಾಪೆ. ಕೋಣೆಯ ಮೇಲಕ್ಕೆ ಒಂದು ಮುದಿ ತೆಂಗಿನ ಮರ ಮಾತಾಡುವವರ ಕಡೆಗೆ ಬಗ್ಗುವ ಕಿವುಡರಂತೆ ಬಗ್ಗಿಕೊಂಡಿತ್ತು. ಅದರಿಂದ ಒಣಕಾಯಿ ಬಿದ್ದಾಗಲೆಲ್ಲ ಮೂರು ನಾಲ್ಕು ಹಂಚು ಒಡೆಯುತ್ತಿದ್ದವು. ಆ ವರ್ಷ ವಾಚನಾಲಯದ ಒಳಗೆ ಓದುಗರಿಗಿಂತ ಹೆಚ್ಚು ಸಲ ಬಂದದ್ದು ತೆಂಗಿನಕಾಯಿಯೇ. ಬಂದ ಓದುಗರೂ ಮೊದಲು ಮೇಲೆ ನೋಡಿ, ಆಮೇಲೆ ಪುಸ್ತಕ ನೋಡುತ್ತಿದ್ದರು.

ಬೇಸಿಗೆಯ ಒಂದು ದಿನ ಗೌಡರು ಬಾಗಿಲಲ್ಲಿ ನಿಂತು ಹೇಳಿದರು: “ಮೇಡಮ್ನೋರೇ, ಮಳೆ ಹಿಡಿಯೋದ್ರೊಳಗೆ ಹಂಚು ಹೊದಿಸ್ಕೊಂಡ್ರೆ ರೂಮು ನಿಮ್ದು. ಇಲ್ದಿದ್ರೆ ಪುಸ್ತಕ ಎತ್ಕಳಿ, ನಾನ್ ಕಾಯಿ ತುಂಬ್ಕತೀನಿ.”

“ಕಾಯಿ ತುಂಬುವುದಕ್ಕೂ ಹಂಚು ಬೇಕಲ್ಲ ಗೌಡರೇ?”

“ಕಾಯಿಗಾದ್ರೆ ನಾನೇ ಹೊದಿಸ್ತೀನಿ ಬುಡಿ. ಪುಸ್ತಕಕ್ಕೆ ಹೊದಿಸ್ತೀನಿ ಅಂದ್ರೆ ಮನೇಲಿ ನಗ್ತಾರೆ ಕಣ್ರೀ.”

ಅವರದು ಕೆಟ್ಟ ಮನಸ್ಸಲ್ಲ. ನಮ್ಮ ಕಡೆ ಸೂರು ಎನ್ನುವುದು ಮೊದಲು ಕಾಯಿಗೆ, ಆಮೇಲೆ ದನಕ್ಕೆ, ಆಮೇಲೆ ಮನುಷ್ಯರಿಗೆ. ಪುಸ್ತಕದ ಸರದಿ ಯಾವಾಗ ಬರುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಹಂಚಿಗಾಗಿ ಒಂದು ಸಹಾಯಾರ್ಥ ಕಾರ್ಯಕ್ರಮ ಮಾಡಿ ಟಿಕೆಟ್ ಮಾರುವುದೆಂದು ನಾನು ನಿಶ್ಚಯಿಸಿದೆ. ನನಗೆ ಬರುವ ವಿದ್ಯೆ ಒಂದೇ, ಗಮಕ. ನಮ್ಮಜ್ಜ ಹೇಳಿಕೊಟ್ಟದ್ದು. ನಾನು ಕಾವ್ಯ ವಾಚನ ಮಾಡುವುದು, ಶಾಲೆಯ ನಂಜುಂಡಯ್ಯ ಮೇಷ್ಟರು ವ್ಯಾಖ್ಯಾನ ಮಾಡುವುದು. ಮೇಷ್ಟರಿಗೆ ಆಗಲೇ ಐವತ್ತು ದಾಟಿತ್ತು. ಅವರ ಧ್ವನಿ ಹಾಸನದವರೆಗೆ ಕೇಳಿಸುತ್ತದೆಂದು ಮಕ್ಕಳು ಹೇಳುತ್ತಿದ್ದರು. ಭಾನುವಾರ ಸಂಜೆ ನಾಲ್ಕಕ್ಕೆ, ಶಾಲೆಯ ಅಂಗಳದಲ್ಲಿ. ಇಷ್ಟೇ.

ಇಷ್ಟಕ್ಕೇ ಮುಗಿಯಬಹುದಾಗಿತ್ತು, ಟಿಕೆಟ್ ಮಾರುವ ಕೆಲಸವನ್ನು ಶಂಕ್ರಪ್ಪ ಮಾವ ಮೈಮೇಲೆ ಹಾಕಿಕೊಳ್ಳದೆ ಇದ್ದಿದ್ದರೆ.

ಮಾವ ಎಂದರೆ ಅಮ್ಮನ ತಮ್ಮ, ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ವ್ಯಾಪಾರ. ಕೊಬ್ಬರಿಯ ವಿಷಯ ತಿಳಿಯದೆ ಮಾವ ಅರ್ಥವಾಗುವುದಿಲ್ಲವಾದ್ದರಿಂದ ಸ್ವಲ್ಪ ತಾಳಿಕೊಳ್ಳಿ. ಕಾಯನ್ನು ಅಟ್ಟಕ್ಕೆ ಏರಿಸಿದ ಮೇಲೆ ಅದರ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಡಬೇಕು. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ನಮ್ಮಜ್ಜ ಕಾಯೊಂದನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿ, “ಗುಡುಗುಡು ಅಂತದಾ?” ಎಂದು ಕೇಳುತ್ತಿದ್ದರು. ಅನ್ನದಿದ್ದರೆ ಮತ್ತೆ ಅಟ್ಟಕ್ಕೆ. ಅವಸರವಿಲ್ಲ. ಇದು ಅಜ್ಜನ ದಾರಿ. ಮಾವನ ದಾರಿ ಸುಲಿದ ಮೇಲೆ ಶುರುವಾಗುತ್ತಿತ್ತು. ಸಂತೆಯ ಹಿಂದಿನ ದಿನ ಮನೆಯ ಹೆಂಗಸರನ್ನೂ ಮಕ್ಕಳನ್ನೂ ಜಗಲಿಯಲ್ಲಿ ಸಾಲಾಗಿ ಕೂರಿಸಿ, ಹಳೇ ಪಂಚೆಯ ಚೂರು ಕೊಟ್ಟು, ಕೊಬ್ಬರಿಯ ಮೇಲೆ ಕೂತ ಬೂಷ್ಟನ್ನು ಒರೆಸಿಸುತ್ತಿದ್ದ. ನನ್ನ ಬಾಲ್ಯದ ಎಷ್ಟೋ ಸಂಜೆಗಳಿಗೆ ಆ ಎಣ್ಣೆ ಬಟ್ಟೆಯ ವಾಸನೆಯಿದೆ. ಒಮ್ಮೆ ನಾನು, “ಒರೆಸಿದ್ರೆ ರುಚಿ ಹೆಚ್ಚಾಗ್ತದಾ ಮಾವ?” ಎಂದು ಕೇಳಿದ್ದೆ.

“ರುಚಿ ಅಷ್ಟೇಯ. ಬೆಲೆ ಹೆಚ್ಚಾಯ್ತದೆ. ಮಾಲು ಹಳೇದಾದ್ರೂ ನೋಡೋನ ಕಣ್ಣು ಹೊಸ್ದಾಗ್ಬೇಕು ಕಣೇ. ಒರೆಸ್ತಾ ಇರ್ಬೇಕು.”

ಈ ಒಂದು ಮಾತಿನಿಂದ ಮಾವ ಜಗತ್ತನ್ನೆಲ್ಲ ಮಾರಬಲ್ಲೆನೆಂದು ನಂಬಿದ್ದ. ನಾನು ಅವನಿಗೆ ಒಪ್ಪಿಸಿದ್ದು ಒಂದೇ ಷರತ್ತಿನ ಮೇಲೆ: ನನ್ನ ಹೆಸರು ಎಲ್ಲೂ ಬರಕೂಡದು. ಕಂಠ ಕೇಳಿದವರಿಗೆ ಹೆಸರು ಯಾಕೆ ಬೇಕು? ಮಾವ ತಲೆಯ ಮೇಲೆ ಕೈಯಿಟ್ಟು ಒಪ್ಪಿದ. ಯಾರ ತಲೆ ಎಂದು ನಾನು ಗಮನಿಸಲಿಲ್ಲ. ಅದು ನನ್ನ ತಲೆಯಾಗಿತ್ತು.

ಮೊದಲ ಹ್ಯಾಂಡ್‌ಬಿಲ್ಲನ್ನು ನಾನೇ ಬರೆದೆ. ದಿನ, ಹೊತ್ತು, ಸ್ಥಳ, ಉದ್ದೇಶ. ಒಂದು ಹೆಚ್ಚಿನ ಪದವಿಲ್ಲ, ಒಂದು ಆಶ್ಚರ್ಯಸೂಚಕ ಚಿಹ್ನೆಯಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು. ಒಂದು ವಾರ ಒಂದೂ ಟಿಕೆಟ್ ಹೋಗಲಿಲ್ಲ. ಮಾವ ಅದನ್ನು ಕೈಯಲ್ಲಿ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡಿದ.

“ಇದು ತಿಥಿ ಕಾರ್ಡ್ ಇದ್ದಂಗದಲ್ಲೇ. ಓದ್ದೋರು ಬರೋದಿರ್ಲಿ, ಮನೆಗೋಗಿ ಸ್ನಾನ ಮಾಡ್ತಾರೆ.”

ಅಲ್ಲಿಂದ ಒರೆಸುವುದು ಶುರುವಾಯಿತು. ಟಿಕೆಟ್ ಹೋಗಲಿಲ್ಲವೆಂದು ಕಾರ್ಯಕ್ರಮವನ್ನು ಮುಂದಕ್ಕೆ ಹಾಕಿದಾಗ, ಎರಡನೆಯ ಹ್ಯಾಂಡ್‌ಬಿಲ್ಲಿನಲ್ಲಿ ಅದು “ಜನರ ಒತ್ತಾಯದ ಮೇರೆಗೆ” ಮುಂದೆ ಹೋಯಿತು. ಯಾವ ಜನ, ಯಾವ ಒತ್ತಾಯ ಎಂದು ನಾನು ಕೇಳಿದೆ. “ಯಾರೂ ಬರ್ಲಿಲ್ಲ ಅಂದ್ರೆ ಏನರ್ಥ? ಈಗ ಬ್ಯಾಡ, ಆಮೇಲೆ ಮಾಡಿ ಅಂತ ತಾನೇ? ಅದೇ ಒತ್ತಾಯ” ಎಂದ. ತರ್ಕಶಾಸ್ತ್ರವನ್ನು ನಾನು ಎರಡು ವರ್ಷ ಓದಿದ್ದೆ.

ಅದೇ ಹಾಳೆಯಲ್ಲಿ ನಾನು “ಒಬ್ಬ ವಿದುಷಿ” ಆಗಿದ್ದೆ. ಮೂರನೆಯದರಲ್ಲಿ “ನಮ್ಮೂರ ಎಂ.ಎ. ಹೆಣ್ಣುಮಗಳು.” ಊರಿನ ಎಂ.ಎ. ಹೆಣ್ಣುಮಗಳು ನಾನೊಬ್ಬಳೇ ಆದ್ದರಿಂದ ಹೆಸರು ಹಾಕದಿದ್ದದ್ದು ಕೇವಲ ಶಿಷ್ಟಾಚಾರವಾಗಿತ್ತು. ಆಮೇಲೆ ಜಟಕಾ ಗಾಡಿಗೆ ಮೈಕು ಕಟ್ಟಿಸಿ, ಸಂತೆಯ ದಿನ ತುರುವೇಕೆರೆಯ ಬೀದಿಗಳಲ್ಲಿ ಮಾವನೇ ಕೂಗುತ್ತ ಹೋದ. ನಾನು ಅಂಚೆ ಕಚೇರಿಯ ಮುಂದೆ ನಿಂತಿದ್ದೆ. “ಮೈಸೂರು ಖ್ಯಾತಿಯ!” ಎಂಬುದು ಮೊದಲು ಕೇಳಿಸಿತು. ಮೈಸೂರಿನಲ್ಲಿ ನನ್ನ ಖ್ಯಾತಿ ಹಾಸ್ಟೆಲಿನ ಅಡಿಗೆಮನೆಯವರೆಗೆ ಹಬ್ಬಿತ್ತು, ಹುಳಿಗೆ ಉಪ್ಪು ಕಡಿಮೆಯೆಂದು ಚೀಟಿ ಬರೆದಿಟ್ಟವಳೆಂದು. ಹಿಂದೆಯೇ, “ಇದೇ ಕಡೇ ಆಟ! ಮತ್ತೆ ಸಿಗಾಕಿಲ್ಲ!”

ಸಂಜೆ ನಾನು ಕೇಳಿದೆ: “ಮಾವ, ಮೊದಲನೆಯದೇ ಆಗಿಲ್ಲ. ಅದು ಹೇಗೆ ಕಡೆಯದಾಯಿತು?”

“ಒಂದೇ ಆಟ ತಾನೇ ಇರೋದು? ಮೊದಲ್ನೇದೂ ಅದೇಯ, ಕಡೇದೂ ಅದೇಯ. ಸುಳ್ಳೆಲ್ಲೈತೆ?”

ಇದನ್ನೆಲ್ಲ ಕೇಳಿ ನಗುತ್ತಿದ್ದವಳು ಅತ್ತೆ, ಮಾವನ ಹೆಂಡತಿ. ಅವಳ ನಗು ನನಗೆ ಸಮಾಧಾನ ತರುತ್ತಿತ್ತು. ಮನೆಯಲ್ಲಿ ಒಬ್ಬರಾದರೂ ನನ್ನ ಕಡೆ ಇದ್ದಾರೆಂದು ತಿಳಿದಿದ್ದೆ. ಈ ಹಾಳೆಯ ಮೂಲೆಯಲ್ಲಿರುವ ಆ ಹೆಬ್ಬೆರಳು ಅವಳದೇ ಎಂದು ಹೇಳಿದರೆ ನನ್ನ ತಿಳಿವಳಿಕೆ ಎಷ್ಟರದೆಂದು ನಿಮಗೆ ಗೊತ್ತಾದೀತು.

ಇಷ್ಟಾದರೂ ಟಿಕೆಟ್ ಹೋದದ್ದು ಬೆರಳೆಣಿಕೆಯಷ್ಟು. ಹ್ಯಾಂಡ್‌ಬಿಲ್ಲುಗಳು ಮಾತ್ರ ಎಲ್ಲೆಲ್ಲೂ ಕಾಣುತ್ತಿದ್ದವು: ಕಡಲೆಕಾಯಿ ಪೊಟ್ಟಣವಾಗಿ, ಬಸ್ಸಿನ ಸೀಟು ಒರೆಸುವ ಚೂರಾಗಿ. ಮುಂಗಾರಿನ ಮೋಡ ಒಂದೆರಡು ಸಲ ಬಂದು ನೋಡಿಕೊಂಡು ಹೋಯಿತು. ಗೌಡರು ಕೋಣೆಯ ಮುಂದೆ ಹಾದುಹೋಗುವಾಗ ಈಗ ನನ್ನನ್ನಲ್ಲ, ಸೂರನ್ನು ನೋಡುತ್ತಿದ್ದರು. ಒಂದು ದಿನ ಹಗ್ಗ ಹಿಡಿದು ಕೋಣೆಯ ಉದ್ದಗಲ ಅಳೆದರು. “ಸುಮ್ಕೆ” ಎಂದರು.

ಆಗ ಮಾವನಿಗೆ ಕಡೆಯ ಉಪಾಯ ಹೊಳೆಯಿತು. ನಮ್ಮ ಜನ ಯಾವ ಕಾಗದವನ್ನು ಬೇಕಾದರೂ ಬಿಸಾಡುತ್ತಾರೆ. ಅರಿಶಿನ ಹಚ್ಚಿದ ಕಾಗದವನ್ನು ಬಿಸಾಡುವುದಿಲ್ಲ. ಅದು ನೇರ ದೇವರ ಗೂಡಿಗೆ ಹೋಗುತ್ತದೆ, ಮದುವೆ ಆಗುವವರೆಗೆ ಅಲ್ಲಿಂದ ಕದಲುವುದಿಲ್ಲ. ಮಾವ ತಿಪಟೂರಿನಲ್ಲಿ ಹೊಸ ಹ್ಯಾಂಡ್‌ಬಿಲ್ಲು ಅಚ್ಚು ಹಾಕಿಸಿದ. ನಾನು ಒಮ್ಮೆ ನೋಡಿ ತಿದ್ದಿಕೊಡುತ್ತೇನೆಂದದ್ದಕ್ಕೆ, “ನೀ ತಿದ್ದುದ್ರೆ ಮತ್ತೆ ತಿಥಿ ಆಯ್ತದೆ” ಎಂದ. ಮದುವೆಯ ಕಾಲ. ಅಚ್ಚಿನ ಮನೆಯವರು ಲಗ್ನಪತ್ರಿಕೆಯ ಮೊಳೆಗಳನ್ನು ಜೋಡಿಸಿ ಹಾಗೆಯೇ ಇಟ್ಟುಕೊಂಡಿರುತ್ತಾರೆ. ಹೆಸರು ಮಾತ್ರ ಕಿತ್ತು ಹೆಸರು ಮಾತ್ರ ಕೂರಿಸುವುದು. ನಮ್ಮದಕ್ಕೂ ಹಾಗೆಯೇ ಮಾಡಿದ್ದರು. ಮೇಲೆ ಗಣಪತಿ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ “ಚಿ|| ಕುಂ|| ಸೌ||” ಎಂದು ಶುರುವಾಗಿ ನನ್ನ ಪೂರ್ತಿ ಹೆಸರು, ಎಂ.ಎ. ನಡುವೆ ಒಂದು ಬಳ್ಳಿ. ಬಳ್ಳಿಯ ಕೆಳಗೆ “ಚಿ|| ರಾ|| ನಂಜುಂಡಯ್ಯ, ಬಿ.ಎ., ಬಿ.ಇಡಿ.” ವಾಚನ, ವ್ಯಾಖ್ಯಾನ ಎಂಬ ಪದಗಳು ಇರುವೆಗಾತ್ರದಲ್ಲಿದ್ದವು, ಏಕೆಂದರೆ ಲಗ್ನಪತ್ರಿಕೆಯಲ್ಲಿ ಆ ಪದಗಳಿಗೆ ಜಾಗವಿರುವುದಿಲ್ಲ. “ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ” ಎಂಬುದು ಮಾತ್ರ ದಪ್ಪಗೆ, ನಿಚ್ಚಳವಾಗಿ ಇತ್ತು.

ನನ್ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಮ್ಮೆ ಅಚ್ಚಾದದ್ದು ಸಾಕು.

ಇದನ್ನು ನಾನು ಮೊದಲು ನೋಡಿದ್ದು ಬಸ್ಸಿನಲ್ಲಿ. ಶನಿವಾರ ತುರುವೇಕೆರೆಯಿಂದ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳ ಕೈಯಲ್ಲಿ ಅದಿತ್ತು.

“ಯಾವ್ದೇ ಇದು ಕರೆಯೋಲೆ?”

“ಮಾಯಸಂದ್ರದ್ದು ಕಣೇ. ಶಂಕ್ರಪ್ಪೋರ ಅಕ್ಕನ ಮಗಳಂತೆ. ಎಮ್ಮೆ ಓದವ್ಳಂತೆ.”

“ಎಮ್ಮೆ ಓದಿ ಆ ನಂಜುಂಡಯ್ಯ ಮೇಷ್ಟ್ರುನ್ನ ಮಾಡ್ಕತಾಳಾ? ಅವ್ರಿಗೆ ಮೊಮ್ಮಕ್ಕಳವ್ರಲ್ಲೇ!”

“ಓದ್ದೋರ ವಿಚಾರ ನಮಗ್ಯಾಕೆ ಬುಡು. ಹೆಂಡ್ತಿ ಒಪ್ಪವ್ಳೋ ಏನೋ. ಭಾನುವಾರ ನಾಲ್ಕು ಗಂಟೆಗಂತೆ. ಅದ್ಯಾವ ಮುಹೂರ್ತವೋ!”

“ಗೋಧೂಳಿ ಇರ್ಬೇಕು.”

ಆ ಕ್ಷಣದಲ್ಲಿ ಬಾಯಿಬಿಡಬೇಕಾಗಿತ್ತು ಎಂದು ನೀವು ಹೇಳುತ್ತೀರಿ. ಬಸ್ಸಿನಲ್ಲಿ ಪಕ್ಕದವರಿಗೆ “ಸ್ವಲ್ಪ ಸರಿಯಿರಿ” ಎನ್ನಲೂ ಮೂರು ಸ್ಟಾಪು ಯೋಚಿಸುವ ನಾನು, “ಅದು ನಾನೇ, ಅದು ಮದುವೆಯಲ್ಲ” ಎಂದು ಹೇಗೆ ಹೇಳಲಿ? ಕಿಟಕಿಯ ಕಡೆ ತಿರುಗಿ ಕೂತೆ. ಇಳಿಯುವಾಗ ಒಬ್ಬಳು ನನ್ನ ಸೆರಗು ಸೀಟಿಗೆ ಸಿಕ್ಕಿದ್ದನ್ನು ಬಿಡಿಸಿಕೊಟ್ಟು, “ನೀನೂ ಮದ್ವೆಗೆ ಬತ್ತೀಯೇನವ್ವ?” ಎಂದಳು.

ಮನೆಗೆ ಓಡಿ ಬಂದೆ. ಅತ್ತೆ ಜಗಲಿಯಲ್ಲಿ ಅರಿಶಿನದ ಬಟ್ಟಲು ಇಟ್ಟುಕೊಂಡು ಉಳಿದ ಹಾಳೆಗಳ ಮೂಲೆಗೆ ಹಚ್ಚುತ್ತ ಕೂತಿದ್ದಳು. ಮಾವ ಕಂತೆ ಕಟ್ಟುತ್ತಿದ್ದ. ದಂಡಿನಶಿವರ, ಕಿಬ್ಬನಹಳ್ಳಿ, ಎಲ್ಲ ಕಡೆಗೂ ಎರಡೂ ಕೈಯಲ್ಲಿ ಹಿಡಿದು, “ತಪ್ಪಿಸ್ಬಾರ್ದು” ಎಂದು ಹೇಳಿ ಕೊಟ್ಟು ಬಂದಿದ್ದನಂತೆ. ಬಸ್ಸಿನಲ್ಲಿ ಕೇಳಿದ್ದನ್ನು ಹೇಳಿದೆ. ಮಾವನ ಮುಖ ಅರಳಿತು.

“ಮಾತಾಡ್ತಾವ್ರಾ? ಬಸ್ಸಲ್ಲಿ? ನಾ ಹೇಳಿಲ್ವಾ!”

“ಮಾವ, ನನ್ನ ಮದುವೆ ಅಂದುಕೊಂಡಿದ್ದಾರೆ!”

“ಅಂದ್ಕಳ್ಲಿ. ಬಂದ್ಮ್ಯಾಕೆ ಗೊತ್ತಾಯ್ತದೆ. ಮೊದ್ಲು ಬರ್ಬೇಕಲ್ಲ?”

ಅತ್ತೆ ಮಾತ್ರ ಹಚ್ಚುವುದನ್ನು ನಿಲ್ಲಿಸಿ, ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, “ಅಯ್ಯೋ, ಗೌರಮ್ಮನ ಕೈಗೆ ಇದು ಸಿಕ್ಕಿದ್ರೆ?” ಎಂದಳು. ಗೌರಮ್ಮ ಎಂದರೆ ಮೇಷ್ಟರ ಹೆಂಡತಿ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಶಾಲೆಯ ಅಂಗಳದ ಮುಂದೆ ಎತ್ತಿನ ಗಾಡಿಗಳು ನಿಂತಿದ್ದವು. ರೇಷ್ಮೆ ಸೀರೆಗಳು, ಹೂವು, ತಟ್ಟೆಯ ತುಂಬ ಎಲೆಯಡಿಕೆ, ರವಿಕೆ ಕಣ. ಎಲ್ಲಕ್ಕಿಂತ ಹೆಚ್ಚಾಗಿ ತೆಂಗಿನಕಾಯಿ. ನಮ್ಮ ಕಡೆ ಮುಯ್ಯಿ ಎಂದರೆ ಮದುವೆಗೆ ಕೊಟ್ಟು, ಕೊಟ್ಟವರ ಮನೆಯ ಮದುವೆಗೆ ಹಿಂದಿರುಗಿಸುವ ಉಡುಗೊರೆ. ಆ ವರ್ಷ ಫಸಲು ಚೆನ್ನಾಗಿತ್ತು. ಜನ ಚೀಲದಲ್ಲಿ ತಂದಿದ್ದರು. ಬಾಗಿಲಲ್ಲಿ ಮಾವ ಟಿಕೆಟ್ ಪುಸ್ತಕ ಹಿಡಿದು ನಿಂತಿದ್ದ.

“ಟಿಕೇಟ್ ತಗೊಳ್ರಮ್ಮ, ಟಿಕೇಟು!”

“ಏನಪ್ಪಾ, ಮದ್ವೆಗೂ ಟಿಕೇಟಾ?”

“ಓದಿರೋ ಹೆಣ್ಣಿನ ಮದ್ವೆ ಅಲ್ವೇನೇ, ಹಂಗೇಯ. ಅಕ್ಷತೆಗೆ ಬ್ಯಾರೆ ಟಿಕೇಟು ಇರ್ಬೇಕು, ಕೇಳು.”

“ಶಂಕ್ರಪ್ಪ, ನಿನ್ ಮದ್ವೆಗೆ ಪುಕ್ಸಟ್ಟೆ ಉಂಡಿದ್ವಿ ಕಣ್ಲಾ. ಅದುಕ್ಕೂ ಸೇರ್ಸಿ ವಸೂಲಿ ಮಾಡ್ತಾ ಇದೀಯಾ?”

ಮಾವ ಟಿಕೆಟ್ ಕೇಳುವ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಕಾಯಿ ಇಸಿದುಕೊಳ್ಳುವ ಕೈಯನ್ನು ಮುಂದಕ್ಕೆ ಚಾಚಿದ. ಜನ ಒಳಗೆ ಬಂದು, ಚಪ್ಪರ ಎಲ್ಲಿ, ವಾಲಗ ಎಲ್ಲಿ ಎಂದು ನೋಡುತ್ತ ಕೂತರು. ವೇದಿಕೆಯ ಮೇಲೆ ನಾನೂ ಮೇಷ್ಟರೂ ಅಕ್ಕಪಕ್ಕ ಕೂತಿದ್ದೆವು. ಗಮಕದಲ್ಲಿ ಹಾಗೆಯೇ ಕೂರುವುದು. ಮೇಷ್ಟರು ಶಲ್ಯವನ್ನು ಮುಖದ ತನಕ ಎಳೆದುಕೊಂಡಿದ್ದರು. ಮುಂದಿನ ಬೆಂಚಿನಲ್ಲಿ ಗೌರಮ್ಮನವರು ಹಸಿರು ರೇಷ್ಮೆ ಉಟ್ಟು, ಸೊಂಟಕ್ಕೆ ಡಾಬು ಕಟ್ಟಿ, ನೇರವಾಗಿ ನನ್ನನ್ನೇ ನೋಡುತ್ತಿದ್ದರು.

“ಏನಮ್ಮ,” ಎಂದರು, ಇಡೀ ಅಂಗಳಕ್ಕೆ ಕೇಳುವ ಹಾಗೆ, “ನಮ್ಮನೆಯೋರ ಮದ್ವೆಗೆ ಊರಿಗೆಲ್ಲ ಕರೆಯೋಲೆ ಕೊಟ್ಟು ನನಗೊಂದು ಕೊಡ್ಬಾರ್ದಾಗಿತ್ತಾ? ಮೂವತ್ತು ವರ್ಷ ಬಾಳಿಸಿದೀನಿ, ಒಂದ್ ಮಾತು ಕೇಳಿದ್ರೆ ಇವರ ಗುಣಾನಾದ್ರೂ ಹೇಳ್ತಿದ್ನಲ್ಲ.”

ಅಂಗಳ ಗೊಳ್ಳೆಂದಿತು. ಆಗ ನಾನು ಎದ್ದು ಮೈಕಿನ ಮುಂದೆ ನಿಂತೆ. ಎದೆ ಗುಡುಗುಡು ಎನ್ನುತ್ತಿತ್ತು; ಅಜ್ಜನಿದ್ದಿದ್ದರೆ ಕಾಯಿ ಪಕ್ವವಾಯಿತು ಎನ್ನುತ್ತಿದ್ದರು. ನನ್ನ ಮೊದಲ ಸಾರ್ವಜನಿಕ ಭಾಷಣ ಇಡಿಯಾಗಿ ಹೀಗಿತ್ತು:

“ಇದು ಮದುವೆಯಲ್ಲ. ಹಂಚು.”

ಹಂಚು ಎಂದರೇನು? ಏನನ್ನು ಹಂಚಬೇಕು? ಮುಂದಿನ ಸಾಲಿನ ಒಬ್ಬ ಹೆಂಗಸು ತಟ್ಟೆಯ ರವಿಕೆ ಕಣಗಳನ್ನು ಪಕ್ಕದವರಿಗೆ ಹಂಚಲು ಶುರುಮಾಡಿದಳು. ನಾನು ಮತ್ತೆ ಹೇಳಬೇಕಾಯಿತು: ಕೋಣೆ, ಸೂರು, ಒಡೆದ ಹಂಚು, ಪುಸ್ತಕ, ಮಳೆ. ಹೇಳುತ್ತ ಹೇಳುತ್ತ ನನಗೇ ಆಶ್ಚರ್ಯವಾಯಿತು. ತಿಂಗಳಿಂದ ನಾಲ್ಕು ಹ್ಯಾಂಡ್‌ಬಿಲ್ಲು, ಒಂದು ಜಟಕಾ ಕೂಗಿದರೂ ಈ ವಿಷಯವನ್ನು ಯಾರಿಗೂ ನೆಟ್ಟಗೆ ಹೇಳಿಯೇ ಇರಲಿಲ್ಲ. ಮೊದಲನೆಯದರಲ್ಲಿ ನಾನು ಹೇಳಿದ್ದೆ. ಅದನ್ನು ಓದುವ ಹಾಗೆ ಬರೆದಿರಲಿಲ್ಲ.

ಹಿಂದಿನಿಂದ ಒಬ್ಬಳು ಮುದುಕಿ ಎದ್ದು ನಿಂತಳು. ದಂಡಿನಶಿವರದ ಕೆಂಪಜ್ಜಿ, ದೂರದ ನೆಂಟರ ಪೈಕಿ. ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದಳು.

“ಮದ್ವೆ ಇಲ್ವಾ?”

“ಇಲ್ಲ ಅಜ್ಜಿ.”

“ಮತ್ತೆ ಊಟ?”

“ಊಟವೂ ಇಲ್ಲ ಅಜ್ಜಿ.”

ಅಜ್ಜಿ ಯೋಚಿಸಿದಳು. “ಕತ್ತಲಾಗೋಗಂಟ ಬಸ್ಸಿಲ್ಲ. ಅದೇನ್ ಓದ್ತೀಯೋ ಓದು ಮತ್ತೆ” ಎಂದು ಕೂತಳು.

ಹೀಗೆ ನನ್ನ ಗಮಕವನ್ನು ಜನ ಕೇಳಿದರು, ಬಸ್ಸಿಲ್ಲದ ಕಾರಣಕ್ಕೆ. ಮೆಚ್ಚಿ ತಲೆದೂಗಿದರೆಂದು ಬರೆದುಕೊಳ್ಳಲು ಆಸೆಯಿದೆ. ಅರ್ಧದಷ್ಟು ಜನ ತೂಕಡಿಸಿದರು. ಮೇಷ್ಟರ ವ್ಯಾಖ್ಯಾನ ಬಂದಾಗಲೆಲ್ಲ ಎದ್ದು ಕೂರುತ್ತಿದ್ದರು. ಆ ಧ್ವನಿಗೆ ಏಳದೆ ಇರಲಾಗುವುದಿಲ್ಲ. ಕಾವ್ಯದಲ್ಲಿ ವನವಾಸದ ಭಾಗ ಬಂದಾಗ ಮೇಷ್ಟರು, “ಹೆಂಡತಿಯನ್ನು ಕಾಡಿನಲ್ಲೂ ಬಿಡಬಾರದು” ಎಂದು ಮೂಲದಲ್ಲಿಲ್ಲದ ಒಂದು ವಾಕ್ಯವನ್ನು ಸೇರಿಸಿದರು. ಗೌರಮ್ಮನವರು ಸೊಂಟದ ಡಾಬು ಸಡಿಲಿಸಿಕೊಂಡರು. ಅತ್ತೆ ಎಲ್ಲಿಂದಲೋ ಕಡಲೆಪುರಿ, ಕೊಬ್ಬರಿ ಚೂರು ತರಿಸಿ ಕೊಟ್ಟಳು.

ಮುಗಿದ ಮೇಲೆ ನಾನು ಎಲ್ಲರಿಗೂ ಅವರವರ ಕಾಯಿ ತೆಗೆದುಕೊಂಡು ಹೋಗಲು ಹೇಳಿದೆ. ಮದುವೆಯಿಲ್ಲದ ಮುಯ್ಯಿಯನ್ನು ಯಾವ ಮುಖದಲ್ಲಿ ಇಟ್ಟುಕೊಳ್ಳುವುದು? ಯಾರೂ ಮುಟ್ಟಲಿಲ್ಲ. ಕೆಂಪಜ್ಜಿ ನನ್ನ ಗಲ್ಲ ಹಿಡಿದು ಹೇಳಿದಳು: “ಮುಯ್ಯಿ ಅಂತ ತಂದಿದ್ದ ಹಿಂದಕ್ಕೆ ಹೊತ್ಕಂಡೋಗಕಾಯ್ತದಾ ಮಗಾ? ಇಟ್ಕೊ. ನಿನ್ ಮದ್ವೆ ಆದಾಗ ಬರಿಗೈಲಿ ಬತ್ತೀನಿ.”

ಎಲ್ಲರೂ ಅದನ್ನೇ ಹೇಳಿ ಹೋದರು. ನನ್ನ ಮದುವೆಗೆ ಈ ಸೀಮೆಯ ಅರ್ಧ ಜನ ಬರಿಗೈಯಲ್ಲಿ ಬರಲು ಅಂದೇ ಹಕ್ಕು ಪಡೆದರು. ಆಮೇಲೆ ನನ್ನ ಮದುವೆಯಾಯಿತೇ ಇಲ್ಲವೇ ಎಂಬುದು ಈ ಪ್ರಬಂಧಕ್ಕೆ ಸೇರಿದ್ದಲ್ಲ.

ಕಾಯಿಗಳನ್ನು ಇಡಲು ಬೇರೆ ಜಾಗವಿರಲಿಲ್ಲ. ಗಾಡಿಯಲ್ಲಿ ತುಂಬಿ ವಾಚನಾಲಯಕ್ಕೆ ತಂದು ಸುರಿದರು. ಬೆಂಚು ಮುಚ್ಚಿತು, ಪುಸ್ತಕದ ಕೆಳಗಿನ ಸಾಲು ಮುಚ್ಚಿತು. ಯಾವುದಾಗಬಾರದೆಂದು ಇಷ್ಟೆಲ್ಲ ಪಾಡು ಪಟ್ಟೆನೋ ಅದೇ ನನ್ನ ಕೈಯಾರೆ ಆಗಿತ್ತು. ಪುಟ್ಟೇಗೌಡರು ಬಂದು ಹೊಸ್ತಿಲಲ್ಲಿ ನಿಂತು ನೋಡಿದರು.

“ಕಾಯಿ ತುಂಬ್ತೀನಿ ಅಂದೋನು ನಾನು,” ಎಂದರು. “ತುಂಬ್ದೋರು ನೀವು.”

ನನಗೆ ಅಳು ಬಂದಿತ್ತು. ಗೌಡರು ಬಗ್ಗಿ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

“ಒಳ್ಳೇ ಕಾಯಿ. ಇದಷ್ಟೂ ನನ್ನ ಅಟ್ಟಕ್ಕೆ ಬುಡಿ, ಹಂಚು ನಾನೇ ಹೊದಿಸ್ತೀನಿ. ಆ ಮುದಿ ಮರಾನೂ ಕಡಿಸ್ತೀನಿ. ಕಾಯಿಗೋಸ್ಕರ ಹೊದಿಸ್ದೆ ಅಂದ್ರೆ ಮನೇಲಿ ಯಾರೂ ನಗಲ್ಲ.” ಹೊರಡುವಾಗ ತಿರುಗಿ, “ಒಂದ್ ಮಾತು. ಮುಂದಿನ್ ವರ್ಷ ನಮ್ಮುಡ್ಗೀ ಮದ್ವೆ. ಕರೆಯೋಲೆ ಹಂಚಕ್ಕೆ ನಿಮ್ಮ ಮಾವನ್ನ ಮಾತ್ರ ಕಳಿಸ್ಬ್ಯಾಡಿ. ಜನ ಟಿಕೇಟು ಕೇಳ್ತಾರೆ.”

ಮಾವ ಆ ರಾತ್ರಿ ಊಟ ಮಾಡುತ್ತ, “ನೋಡ್ದಾ? ಒರೆಸಿದ್ದುಕ್ಕೆ ಹೋಯ್ತು ಮಾಲು” ಎಂದ. ನಾನು ಎದ್ದು ಕೈ ತೊಳೆದುಕೊಂಡೆ.

ಮಾರನೆಯ ಬೆಳಿಗ್ಗೆ, ಗೌಡರ ಗಾಡಿ ಬರುವ ಮುಂಚೆ, ವಾಚನಾಲಯಕ್ಕೆ ಹೋದೆ. ಒಳಗಿನ ಕಾಯಿಗಳು ಒತ್ತಿಕೊಂಡು ಬಾಗಿಲು ಅರ್ಧ ಮಾತ್ರ ತೆರೆಯಿತು. ಸೀಮೆಸುಣ್ಣದ ತುಂಡು ಹುಡುಕಿ ತೆಗೆದು, ಹೊರಗಿನಿಂದ ಬಾಗಿಲ ಮೇಲೆ ದೊಡ್ಡದಾಗಿ ಬರೆದ ಪದಗಳು ಇವು: ಮಹಿಳಾ ವಾಚನಾಲಯ. ಓದಲು ಬನ್ನಿ. ಟಿಕೆಟ್ ಇಲ್ಲ. ಊಟವೂ ಇಲ್ಲ. ಸ್ವಲ್ಪ ದೂರ ಹೋಗಿ, ತಿಥಿ ಕಾರ್ಡಿನ ಹಾಗೆ ಕಾಣುತ್ತದೆಯೇ ಎಂದು ನೋಡಿದೆ. ವಾಪಸು ಬಂದು, ಕೆಳಗೆ ನನ್ನ ಹೆಸರು ಬರೆದೆ. ಹಿಂದೆ ಚಿ|| ಹಾಕಲಿಲ್ಲ, ಮುಂದೆ ಎಂ.ಎ. ಹಾಕಲಿಲ್ಲ.